ನನ್ನ ಮೌನಕ್ಕೆ ಹರಿಹರದಲ್ಲಿ ಸಿಕ್ಕ ಅರ್ಥ

ಬಾಗಿಲು ಹಾಕಿದ್ದೇ ತಪ್ಪಾಯಿತು. ಹರಿಹರದ ಬಸ್ ನಿಲ್ದಾಣದ ಹತ್ತಿರ, ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯ ಕ್ಲಿನಿಕ್ಕಿನಲ್ಲಿ ಅದು ನನ್ನ ಮೊದಲ ದಿನ. ಆಪ್ತಸಮಾಲೋಚನೆಗೆಂದು ಒಬ್ಬ ಹುಡುಗಿ ಬಂದಿದ್ದಳು. ಜೊತೆಗೆ ಅವಳ ಅಪ್ಪ, ಅವ್ವ, ದೊಡ್ಡಪ್ಪ, ಪಕ್ಕದ ಮನೆಯ ಹೆಂಗಸು. ಎಲ್ಲರೂ ಒಳಗೇ ಬಂದರು. ಕುರ್ಚಿ ಸಾಲದೆ ದೊಡ್ಡಪ್ಪ ನನ್ನ ಮೇಜಿಗೆ ಒರಗಿ ನಿಂತರು. ಹುಡುಗಿಯನ್ನಷ್ಟೇ ಉಳಿಸಿಕೊಂಡು ಉಳಿದವರನ್ನು ನಯವಾಗಿ ಹೊರಗೆ ಕಳಿಸಿ, ಚಿಲಕ ಹಾಕಿ, ತಿರುಗಿ ಕೂರುವಷ್ಟರಲ್ಲಿ ಹೊರಗಿನಿಂದ ಬಾಗಿಲು ಬಡಿಯತೊಡಗಿದರು.

"ಬಾಗ್ಲು ಯಾಕ ಹಾಕಿದ್ರಿ?" ಎಂದರು ದೊಡ್ಡಪ್ಪ. "ನಮ್ಮ ಹುಡುಗಿಗೆ ಏನ್ ಹೇಳ್ತೀರಿ ಅಂತ ನಮಗೂ ತಿಳೀಬೇಕಲ್ರೀ."

"ಇದು ಖಾಸಗಿ ಮಾತುಕತೆ," ಎಂದೆ.

"ಮನೆಯೋರಿಗೆ ಗೊತ್ತಾಗದಂಗೆ ಮಾತಾಡೋದು ಏನೈತ್ರೀ ಇದ್ರಾಗೆ?"

ಮೈಸೂರಿನಲ್ಲಿ ನಾನು ತರಬೇತಿ ಪಡೆದ ಕೋಣೆಯ ಬಾಗಿಲಿಗೆ ಒಂದು ಫಲಕ ತೂಗುಹಾಕಿದರೆ ಸಾಕಿತ್ತು, ಕಾಫಿ ತಂದವರೂ ಸದ್ದಿಲ್ಲದೆ ಹಿಂದಿರುಗುತ್ತಿದ್ದರು. ಅಲ್ಲಿ ಮುಚ್ಚಿದ ಬಾಗಿಲೆಂದರೆ ಒಳಗೆ ಕೆಲಸ ನಡೆಯುತ್ತಿದೆ ಎಂದು. ಇಲ್ಲಿ ಒಳಗೆ ಏನೋ ನಡೆಯುತ್ತಿದೆ ಎಂದು. ಈಗ ನಾನು ಬಾಗಿಲನ್ನು ಒಂದು ಗೇಣು ತೆರೆದಿಟ್ಟು ಫ್ಯಾನನ್ನು ಜೋರಾಗಿ ತಿರುಗಿಸುತ್ತೇನೆ. ಹೊರಗಿನವರಿಗೆ ನಾವು ಕಾಣುತ್ತೇವೆ, ಮಾತು ಮಾತ್ರ ಫ್ಯಾನಿನ ಸದ್ದಿನಲ್ಲಿ ಮುಳುಗಿ ಒಳಗೇ ಉಳಿಯುತ್ತದೆ. ಇದನ್ನು ಯಾವ ಪಠ್ಯವೂ ಹೇಳಿಕೊಡಲಿಲ್ಲ. ಒಳ್ಳೆಯ ಉಪಾಯವೋ ಅಲ್ಲವೋ ಎಂಬ ಅನುಮಾನ ನನಗೆ ಈಗಲೂ ಇದೆ.

ಮೈಸೂರಿನಲ್ಲಿ ಹುಟ್ಟಿ, ಅಲ್ಲೇ ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ಕೆಲಸಕ್ಕೆಂದು ದಾವಣಗೆರೆಗೆ ಬಂದವಳು ನಾನು. ವಾರದಲ್ಲಿ ಎರಡು ದಿನ ಹರಿಹರ, ಉಳಿದ ದಿನ ದಾವಣಗೆರೆ. ಎರಡೂ ಊರಿನ ನಡುವೆ ಬಸ್ಸಿನಲ್ಲಿ ಅರ್ಧ ಗಂಟೆಯೂ ಆಗುವುದಿಲ್ಲ. ಒಂದು ಊರಿನಲ್ಲಿ ಆಡಿದ ಮಾತು ಇನ್ನೊಂದಕ್ಕೆ ತಲುಪಲು ಅಷ್ಟೂ ಹೊತ್ತು ಬೇಡ ಎಂದು ಆಮೇಲೆ ತಿಳಿಯಿತು.

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ಮಹಡಿಯ ಮೇಲೆ ಒಂದು ಕೋಣೆ, ಪುಟ್ಟ ಅಡುಗೆಮನೆ ಸಿಕ್ಕಿತು. ಕೆಳಗೆ ಮನೆಯ ಒಡತಿ ಶಿವಲೀಲಕ್ಕ. ಅವರ ಯಜಮಾನರಿಗೆ ಬಟ್ಟೆ ಅಂಗಡಿ. ಮನೆ ನೋಡಲು ಹೋದ ದಿನ ಅವರು ನನ್ನನ್ನು ಸೋಫಾದಲ್ಲಿ ಕೂರಿಸಿ, ಮಂಡಕ್ಕಿ ಒಗ್ಗರಣೆ ಕೊಟ್ಟು, ವಿಚಾರಣೆಗೆ ಶುರುಮಾಡಿದರು. ನಾವು ಮೈಸೂರಿನಲ್ಲಿ ಕಡ್ಲೆಪುರಿ ಎನ್ನುವುದೇ ಇಲ್ಲಿ ಮಂಡಕ್ಕಿ. ಅಲ್ಲಿ ಅದು ಸಂಜೆಯ ಕುರುಕಲು, ಇಲ್ಲಿ ಅದು ಊಟಕ್ಕೆ ಒಂದು ಮೆಟ್ಟಿಲು ಕಡಿಮೆ.

"ಒಬ್ರೇ ಇರ್ತೀರಾ?"

"ಹೌದು."

"ಯಾಕ?"

"ಕೆಲಸ ಇಲ್ಲಿ ಸಿಕ್ಕಿತು."

"ಯಾಕ, ಮೈಸೂರಾಗೆ ತಲೆ ಕೆಟ್ಟೋರು ಇಲ್ಲೇನು, ಇಲ್ಲೀತನ ಬಂದೀರಿ?"

ತಲೆ ಕೆಟ್ಟವರಷ್ಟೇ ನಮ್ಮಲ್ಲಿಗೆ ಬರುವುದಿಲ್ಲ ಎಂದು ವಿವರಿಸಿದೆ. ದುಃಖ, ಭಯ, ನಿದ್ದೆ ಬಾರದಿರುವುದು, ಮನೆಯಲ್ಲಿ ಹೇಳಿಕೊಳ್ಳಲಾಗದ ಮಾತು.

"ಹಂಗಾದ್ರೆ ಬರೇ ಮಾತಾಡಾಕೆ ದುಡ್ಡು ತಗೋತೀರಾ?" ಅವರು ನಕ್ಕರು. "ನಾನು ಪುಕ್ಕಟೆ ಮಾತಾಡ್ತೀನಿ ನೋಡ್ರಿ, ಒಬ್ರೂ ಬರಲ್ಲ."

ಆಮೇಲೆ ನನ್ನ ತಂದೆಯ ಕೆಲಸ, ತಾಯಿಯ ತವರು, ನಾವು ಯಾವ ಜಾತಿಯ ಪೈಕಿ, ಮೊಟ್ಟೆ ತಿನ್ನುತ್ತೇನೆಯೇ, ಮದುವೆ ಯಾಕಾಗಿಲ್ಲ, ಎಲ್ಲವೂ ಬಂತು. ಬಂದವರ ಪೂರ್ವಾಪರವನ್ನು ಕೇಳಿ ತಿಳಿಯುವುದು ನನ್ನ ಕೆಲಸದ ಮೊದಲ ಹಂತ. ಅದಕ್ಕೆ ನಾವು ಎರಡು ಭೇಟಿ ತೆಗೆದುಕೊಳ್ಳುತ್ತೇವೆ. ಶಿವಲೀಲಕ್ಕ ಒಂದು ಬಟ್ಟಲು ಮಂಡಕ್ಕಿ ಮುಗಿಯುವುದರೊಳಗೆ ಮುಗಿಸಿದರು. ಮೈಸೂರಿನ ಮನೆ ಮಾಲೀಕರು ಮುಂಗಡ ಎಣಿಸಿಕೊಂಡು ಸುಮ್ಮನಾಗುತ್ತಾರೆ, ಉಳಿದಿದ್ದನ್ನು ಕಾಂಪೌಂಡಿನ ಆಚೆಯಿಂದ ನೋಡಿ ತಿಳಿಯುತ್ತಾರೆ. ಇಲ್ಲಿ ಮುಖದ ಮೇಲೇ ಕೇಳುತ್ತಾರೆ. ಯಾವುದು ಹೆಚ್ಚು ಮರ್ಯಾದೆಯದು ಎಂದು ನಾನು ಇನ್ನೂ ತೀರ್ಮಾನಿಸಿಲ್ಲ. ಆದರೆ ಮೊದಲ ಕೆಲವು ತಿಂಗಳು, ನಾನು ಕೆಲಸಕ್ಕೆ ಹೋದಾಗ ಅವರು ಮೇಲೆ ಬಂದು ನನ್ನ ಕೋಣೆ ನೋಡಿ ಹೋಗುತ್ತಾರೆ ಎಂಬ ಗುಮಾನಿ ನನಗಿತ್ತು. ಬೀಗದ ಮೇಲೆ ಒಂದು ನೂಲಿನ ಎಳೆ ಇಟ್ಟು ಹೋಗಿದ್ದೂ ಉಂಟು. ಅದು ಇದ್ದಲ್ಲೇ ಇತ್ತು. ನೋಡಿ ಮತ್ತೆ ಹಾಗೇ ಇಟ್ಟಿರಬಹುದು ಎಂದುಕೊಂಡೆ, ಅನುಮಾನ ಮಾತ್ರ ಬಿಡಲಿಲ್ಲ.

ನಮ್ಮ ಶಾಸ್ತ್ರದಲ್ಲಿ ಹಲವು ಪಂಥಗಳಿವೆ. ಓದುವಾಗ ಒಂದೊಂದಕ್ಕೂ ಒಂದು ಅಧ್ಯಾಯ. ಇಲ್ಲಿಗೆ ಬಂದ ಮೇಲೆ ಅವು ಒಂದೊಂದಾಗಿ ನನ್ನ ಮುಂದೆ ಕುಂಟತೊಡಗಿದವು. ಮನೋವಿಶ್ಲೇಷಣೆಯವರು ಹೇಳುವ ಪ್ರಕಾರ, ಚಿಕಿತ್ಸಕ ತನ್ನ ಬಗ್ಗೆ ಏನೂ ಹೇಳಿಕೊಳ್ಳಬಾರದು. ಆಗ ಬಂದವರ ಹಳೆಯ ಸಿಟ್ಟು, ಹಳೆಯ ಪ್ರೀತಿ ಅವನ ಮೇಲೆ ಬಂದು ಬೀಳುತ್ತದೆ, ಅದನ್ನು ಇಬ್ಬರೂ ಸೇರಿ ನೋಡಬಹುದು. ಹರಿಹರದಲ್ಲಿ ನನ್ನ ಊರು, ಮನೆತನ ತಿಳಿಯದೆ ಯಾರೂ ಬಾಯಿ ಬಿಡಲಿಲ್ಲ. "ನೀವು ಯಾರ ಪೈಕ್ರಿ?" ಎಂಬುದಕ್ಕೆ ಉತ್ತರ ಸಿಗದಿದ್ದರೆ ಅವರ ತಲೆನೋವು ಬರೀ ತಲೆನೋವಾಗಿಯೇ ಉಳಿಯುತ್ತಿತ್ತು.

ಆಲೋಚನೆಯನ್ನು ತಿದ್ದುವ ಪಂಥ ಇನ್ನೊಂದು. ಮನಸ್ಸಿಗೆ ಬಂದ ಆಲೋಚನೆಯನ್ನು ಬರೆದುಕೊಂಡು, ಅದಕ್ಕೆ ಪರ ಏನು ಸಾಕ್ಷಿ, ವಿರುದ್ಧ ಏನು ಸಾಕ್ಷಿ ಎಂದು ತೂಗಿ ನೋಡುವುದು. "ಎಲ್ಲರೂ ನನ್ನ ಬಗ್ಗೆ ಮಾತಾಡ್ತಾರೆ" ಎಂಬುದನ್ನು ಅದು ಯೋಚನೆಯ ದೋಷ ಎಂದು ಪಟ್ಟಿ ಮಾಡುತ್ತದೆ. ಒಬ್ಬ ಹೆಂಗಸು ಹೀಗೆಂದಾಗ, ಸಾಕ್ಷಿ ಏನಿದೆ ಎಂದು ಕೇಳಿದೆ. ಅವರು ಹೋದ ಮೇಲೆ ಚಹಾ ಕುಡಿಯಲು ಕೆಳಗಿಳಿದರೆ ಔಷಧಿ ಅಂಗಡಿಯವರು, "ಈಗ ಹೋದ್ರಲ್ಲ, ಅವರಿಗೆ ನಿದ್ದಿ ಬರ್ತೈತೇನ್ರೀ ಈಗ?" ಎಂದರು. ಆ ಹೆಂಗಸಿನ ಆಲೋಚನೆಯಲ್ಲಿ ದೋಷವಿರಲಿಲ್ಲ.

ವರ್ತನೆಯನ್ನಷ್ಟೇ ನೋಡುವವರು, ಭಯಪಡುವ ವಸ್ತುವಿನ ಹತ್ತಿರಕ್ಕೆ ಮೆಲ್ಲಗೆ ಹೋಗಿ ಎನ್ನುತ್ತಾರೆ. ಭಯ ಅತ್ತೆಯದ್ದಾದರೆ ಅವರು ಆಗಲೇ ಅಡುಗೆಮನೆಯಲ್ಲಿರುತ್ತಾರೆ. ಇನ್ನು ಕುಟುಂಬವನ್ನೇ ಒಟ್ಟಾಗಿ ಕೂರಿಸಿ ಮಾತಾಡಿಸುವ ವಿಧಾನವೂ ಇದೆ. ಇಲ್ಲಿ ಕುಟುಂಬ ಕರೆಯದೆಯೇ ಬಂದು ಕೂತಿರುವುದರಿಂದ ಅದರ ಮೇಲೆ ನನಗೆ ಎಲ್ಲಕ್ಕಿಂತ ಹೆಚ್ಚು ಸಂಶಯವಿತ್ತು. ಅಮಾವಾಸ್ಯೆಯ ದಿನ, ದೆವ್ವ ಬಿಡಿಸುವುದಕ್ಕೆ ಹೆಸರಾದ ಉಕ್ಕಡಗಾತ್ರಿಯ ಕಡೆ ಹೋಗುವ ಬಸ್ಸುಗಳು ಬಾಗಿಲವರೆಗೆ ತುಂಬಿರುತ್ತವೆ, ನನ್ನ ಕೋಣೆಯ ಹೊರಗಿನ ಬೆಂಚು ಖಾಲಿ ಇರುತ್ತದೆ. ಅಲ್ಲಿ ಕರಿಬಸವೇಶ್ವರನ ಮುಂದೆ ನದಿಯ ದಡದಲ್ಲಿ ಎಲ್ಲರೆದುರೇ ಅಳಬಹುದು. ಅಳುವುದಕ್ಕೂ ನಾನು ಹೊತ್ತು ಗೊತ್ತುಮಾಡಿ ಚೀಟಿ ಕೊಡುತ್ತೇನೆ.

ಉಳಿದದ್ದು ಒಂದೇ, ನಾನು ಮನಸಾರೆ ಒಪ್ಪಿದ್ದ ಪಂಥ: ವ್ಯಕ್ತಿಕೇಂದ್ರಿತ. ಸಲಹೆ ಕೊಡಬೇಡ, ತೀರ್ಪು ಕೊಡಬೇಡ, ಬಂದವರನ್ನು ಷರತ್ತಿಲ್ಲದೆ ಸ್ವೀಕರಿಸು, ದಾರಿಯನ್ನು ಅವರೇ ಕಂಡುಕೊಳ್ಳುತ್ತಾರೆ. ಇದಕ್ಕೂ ಉಳಿದೆಲ್ಲಕ್ಕೂ ಅಡಿಗಲ್ಲಾಗಿ ಇನ್ನೊಂದು ನಿಯಮ: ಒಳಗೆ ಆಡಿದ ಮಾತು ಹೊರಗೆ ಹೋಗಬಾರದು. ಯಾರು ಬಂದಿದ್ದರು ಎಂಬುದೂ. ಈ ನಿಯಮದ ಮೇಲೆ ಮಾತ್ರ ನನಗೆ ಎಂದೂ ಅನುಮಾನ ಬಂದಿರಲಿಲ್ಲ.

ಭಾನುವಳ್ಳಿಯಿಂದ ಬರುತ್ತಿದ್ದವಳನ್ನು ನಾಗವೇಣಿ ಎಂದು ಕರೆಯುತ್ತೇನೆ. ಹೆಸರು ಅವಳದಲ್ಲ, ಇನ್ನೂ ಕೆಲವು ವಿವರಗಳು ಅವಳವಲ್ಲ. ಈ ಬರಹವನ್ನು ಅವಳು ಓದಿ ಒಪ್ಪಿದ್ದಾಳೆ. "ನಾನು ಯಾಕ ಬರ್ತಿದ್ದೆ ಅನ್ನೋದೊಂದು ಬರೀಬ್ಯಾಡ್ರಿ, ಉಳಿದಿದ್ದು ಬರ್ಕೊಳ್ರಿ," ಎಂದಿದ್ದಾಳೆ. ಹಾಗಾಗಿ ಕಾರಣ ಬರೆಯುವುದಿಲ್ಲ. ಅದು ಸಾಧಾರಣ ಕಾರಣ, ಓದುತ್ತಿರುವ ನಿಮ್ಮಲ್ಲಿ ಅನೇಕರಿಗೆ ಎಂದಾದರೂ ಇದ್ದಿರಬಹುದಾದದ್ದು. ಇಷ್ಟು ಹೇಳಿದ ಮೇಲೂ "ಏನೋ ಇರಬೇಕು" ಎಂದು ನಿಮಗೆ ಅನ್ನಿಸಿದ್ದರೆ, ಮುಂದೆ ನಡೆದದ್ದು ಬೇಗ ಅರ್ಥವಾಗುತ್ತದೆ.

ಅವಳು ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಳು. ಹರಿಹರದ ಒಬ್ಬ ಹುಡುಗನೊಂದಿಗೆ ಮದುವೆಯ ಮಾತು ನಡೆದಿತ್ತು. ಒಮ್ಮೆ ನೋಡಿ, ಕೆಲವು ಸಲ ಫೋನಿನಲ್ಲಿ ಮಾತಾಡಿ, ಅವನನ್ನು ಮೆಚ್ಚಿದ್ದಳು. ಆ ವಿಷಯ ಹೇಳುವಾಗ ಮಾತ್ರ ಅವಳ ಧ್ವನಿ ಫ್ಯಾನಿಗಿಂತ ಮೇಲೇರುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಶಿವಲೀಲಕ್ಕ ಕೆಳಗಿನಿಂದ ಕೂಗಿದರು, "ಮೇಡಂ, ಸ್ವಲ್ಪ ಬರ್ರಿ ಇಲ್ಲಿ." ನಡುಮನೆಯಲ್ಲಿ ಇಳಕಲ್ ಸೀರೆಯ ಹಿರಿಯ ಹೆಂಗಸೊಬ್ಬರು ಕುಳಿತಿದ್ದರು. ಶಿವಲೀಲಕ್ಕನ ದೂರದ ಬಂಧು, ಹೆಸರು ಗೌರಮ್ಮ. ನಾಗವೇಣಿ ಮೆಚ್ಚಿದ ಹುಡುಗನಿಗೆ ಸೋದರತ್ತೆ. ತಾಯಿಯಿಲ್ಲದ ಅವನನ್ನು ಸಾಕಿದವರು ಇವರೇ, ಮದುವೆಯ ತೀರ್ಮಾನವೂ ಇವರದೇ.

"ಭಾನುವಳ್ಳಿ ಹುಡುಗಿ ನಿಮ್ಮತ್ರ ಬರ್ತಾಳಂತೆ," ಎಂದರು ಗೌರಮ್ಮ. "ನಮ್ಮ ಕಡೆಯೋರು ಮೆಟ್ಲು ಹತ್ತೋದು ನೋಡ್ಯಾರೆ. ತಪ್ಪು ತಿಳೀಬ್ಯಾಡ್ರಿ. ಹೆಂಗ್ರೀ ಹುಡುಗಿ?"

"ನನ್ನ ಬಳಿ ಯಾರು ಬರುತ್ತಾರೆ, ಬರುವುದಿಲ್ಲ ಎಂಬುದನ್ನು ನಾನು ಹೇಳುವಂತಿಲ್ಲ," ಎಂದೆ.

"ಬಂದಿದ್ದು ಗೊತ್ತೈತ್ರೀ. ಒಂದು ಮಾತು ಹೇಳ್ರಿ ಸಾಕು."

"ಯಾರ ಬಗ್ಗೆಯೂ ನಾನು ಏನೂ ಹೇಳುವುದಿಲ್ಲ. ದಯವಿಟ್ಟು ಬೇರೆ ಅರ್ಥ ಮಾಡಿಕೊಳ್ಳಬೇಡಿ."

ಗೌರಮ್ಮ ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಎದ್ದು ಬಂದು ನನ್ನ ಕೈ ಹಿಡಿದುಕೊಂಡರು.

"ಆತು ಬಿಡ್ರಿ, ತಿಳೀತು. ದೊಡ್ಡ ಉಪಕಾರ ಮಾಡಿದ್ರಿ. ನಿಮ್ಮಂಥೋರು ಇರಬೇಕು."

ಬೇರೆ ಊರಿನಲ್ಲಿ ನನ್ನ ವೃತ್ತಿಧರ್ಮವನ್ನು ಮೊದಲ ಬಾರಿಗೆ ಒಬ್ಬರು ಗೌರವಿಸಿದರು ಎಂದು ಹಿಗ್ಗುತ್ತಾ ಮಹಡಿ ಹತ್ತಿದೆ. ಅಷ್ಟು ಸುಲಭವಾಗಿ ಒಪ್ಪಿದ್ದು ಯಾಕೆ ಎಂಬ ಸಣ್ಣ ಗುಮಾನಿಯೂ ಜೊತೆಗೇ ಹತ್ತಿತು.

ಮರುದಿನ ಬೆಳಿಗ್ಗೆ ನೀರಿನ ಮೋಟರ್ ಹಾಕಲು ಬಂದ ಶಿವಲೀಲಕ್ಕ ನನ್ನ ಮುಖ ನೋಡದೆ ಕೇಳಿದರು, "ಅಂಥಾದ್ದು ಏನೈತವ್ವ ಆ ಹುಡುಗಿಗೆ? ಪಾಪ."

"ಏನೂ ಇಲ್ಲ. ನಾನು ಏನೂ ಹೇಳಲಿಲ್ಲವಲ್ಲ."

"ಅದಕ್ಕೇ ಕೇಳಿದ್ದು. ಏನೂ ಹೇಳಲಿಲ್ಲಲ್ಲ ನೀವು!"

ಆಮೇಲೆ ಅವರು ಬಿಡಿಸಿ ಹೇಳಿದರು. ಸಂಬಂಧ ಬೆಳೆಸುವ ಮುಂಚೆ ಹುಡುಗಿಯ ನೆರೆಯವರನ್ನು, ಪರಿಚಯದವರನ್ನು ಕೇಳುವುದು ಇಲ್ಲಿ ವಾಡಿಕೆ. ಹೆಣ್ಣಿನ ಬಗ್ಗೆ ಕೆಟ್ಟ ಮಾತು ಆಡುವುದು ಪಾಪ, ಹಾಗಾಗಿ ಯಾರೂ ಆಡುವುದಿಲ್ಲ. ಒಳ್ಳೆಯದಿದ್ದರೆ ಬಾಯಿ ತುಂಬ ಹೇಳುತ್ತಾರೆ. ಇಲ್ಲದಿದ್ದರೆ, "ನಮಗೇನೂ ಗೊತ್ತಿಲ್ರೀ" ಎಂದು ಚಹಾ ಕೊಟ್ಟು ಕಳಿಸುತ್ತಾರೆ. ಕೇಳಿದವರು ತಿಳಿದುಕೊಂಡು ಬೇರೆ ಕಡೆ ನೋಡುತ್ತಾರೆ. ಯಾರ ಬಾಯಿಯೂ ಹೊಲಸಾಗುವುದಿಲ್ಲ.

"ನೀವು 'ಗೊತ್ತಿಲ್ಲ' ಅಂದಿದ್ರೂ ಅಷ್ಟು ಕೆಡ್ತಿರಲಿಲ್ಲ," ಎಂದರು. "ನೀವು 'ಹೇಳಂಗಿಲ್ಲ' ಅಂದುಬಿಟ್ರಿ. ಗೌರಮ್ಮ ರಾತ್ರೀನೇ ಹುಡುಗಿ ಮನೆಗೆ ಫೋನ್ ಮಾಡಿ ಸಂಬಂಧ ಬ್ಯಾಡ ಅಂದಾಳೆ."

ಮೈಸೂರಿನ ನನ್ನ ಪ್ರಾಧ್ಯಾಪಕಿಗೆ ಫೋನ್ ಮಾಡಿದೆ. ಕೆಲಸದಲ್ಲಿ ಏನೇ ತೊಡಕಾದರೂ ಕೇಳುವುದು ಅವರನ್ನೇ. "ನೀನು ಮಾಡಿದ್ದು ಸರಿ. ನಿಯಮ ಸ್ಪಷ್ಟವಾಗಿದೆ," ಎಂದರು. ನಿಯಮವೇನೋ ಸ್ಪಷ್ಟವಾಗಿತ್ತು. ಹರಿಹರದಲ್ಲಿ ಅದನ್ನು ಓದಿಕೊಂಡವರು ಬೇರೆ ಅಕ್ಷರದಲ್ಲಿ ಓದಿದ್ದರು.

ಮುಂದಿನ ಭೇಟಿಯಲ್ಲಿ ನಾಗವೇಣಿಗೆ ಎಲ್ಲವನ್ನೂ ಹೇಳಿದೆ. ಅವಳಿಗೆ ಸಂಬಂಧ ಮುರಿದದ್ದು ತಿಳಿದಿತ್ತು, ಕಾರಣ ತಿಳಿದಿರಲಿಲ್ಲ. ಕೈಬಳೆ ತಿರುಗಿಸುತ್ತ ಕೇಳಿದಳು.

"ಇಷ್ಟು ಓದೀರಿ. 'ಚಲೋ ಹುಡುಗಿ' ಅಂತ ಎರಡು ಮಾತು ಅನ್ನಾಕೆ ಬರಲಿಲ್ಲೇನ್ರೀ?"

"ಅಂದಿದ್ದರೆ ನೀವು ಇಲ್ಲಿಗೆ ಬರುವುದನ್ನು ನಾನು ಒಪ್ಪಿಕೊಂಡ ಹಾಗಾಗುತ್ತಿತ್ತು."

"ನಾ ಬರೋದು ಊರಿಗೇ ಗೊತ್ತೈತೆ. ನಿಮಗೊಬ್ರಿಗೇ ಗೊತ್ತಿಲ್ಲ, ಗೊತ್ತೈತೆ ಅಂತ."

ಆ ಸಂಜೆ ಅವಳೇ ಹುಡುಗನಿಗೆ ಫೋನ್ ಮಾಡಿ ತಾನು ಯಾಕೆ ಬರುತ್ತಿದ್ದೇನೆಂದು ಹೇಳಿದಳು. "ಇಷ್ಟೇನಾ?" ಎಂದನಂತೆ ಅವನು. ನನ್ನ ಅನುಮಾನ ಆಗ ಬೇರೆ ಕಡೆ ತಿರುಗಿತು. ಅವಳು ತನ್ನಿಷ್ಟದಿಂದ ಹೇಳಿದಳೋ, ಸಂಬಂಧ ಉಳಿಸಿಕೊಳ್ಳುವ ಒತ್ತಡಕ್ಕೆ ಹೇಳಿದಳೋ? ಮುಂದಿನ ವಾರ ಕೆದಕಿ ಕೆದಕಿ ಕೇಳಿದೆ. ನಿಮಗೆ ನಿಜವಾಗಿ ಈ ಮದುವೆ ಬೇಕೇ? ಬೇಡವೆಂದರೆ ಏನಾಗಬಹುದೆಂಬ ಭಯವಿದೆಯೇ? ಮನೆಯವರು ಏನೆಂದರು?

"ನೀವೂ ನನ್ನ ವಿಚಾರಣೆ ಮಾಡಾಕತ್ತೀರಲ್ರೀ," ಎಂದಳು. "ಗೌರಮ್ಮತ್ತಿ ಒಂದೇ ಪ್ರಶ್ನೆ ಕೇಳಿದ್ಲು. ನೀವು ಹತ್ತು ಕೇಳಿದ್ರಿ."

ಷರತ್ತಿಲ್ಲದ ಸ್ವೀಕಾರ ಎಂದು ನಾನು ನಂಬಿಕೊಂಡಿದ್ದರಲ್ಲಿ ಎಷ್ಟು ಗುಮಾನಿ ಬೆರೆತಿತ್ತೆಂದು ಆವತ್ತು ನೋಡಿದೆ.

ಹುಡುಗ ಅತ್ತೆಯ ಮುಂದೆ ಪಟ್ಟು ಹಿಡಿದ. ಗೌರಮ್ಮ ಅರ್ಧ ಮಣಿದರು. "ಅಷ್ಟೇ ಆಗಿದ್ರೆ ಆ ಮೇಡಂ ಯಾಕ ಬಾಯಿ ಬಿಡಲಿಲ್ಲ?" ಎಂಬುದೊಂದು ಅವರ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಕೊನೆಗೆ ಒಂದು ಮಾತು ಹೇಳಿ ಕಳಿಸಿದರು: ಮೇಡಂ ನಿಶ್ಚಿತಾರ್ಥಕ್ಕೆ ಬರಲಿ. ಬಂದು ನಮ್ಮ ಸಾಲಿನಲ್ಲಿ ಕೂತು ಉಂಡರೆ ಹುಡುಗಿ ಬಗ್ಗೆ ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ ಅಂತ ತಿಳೀತೀವಿ. ಬಾಯಿಂದ ಏನೂ ಹೇಳೋದು ಬೇಡ.

ಗೌರಮ್ಮ ನನ್ನ ನಿಯಮವನ್ನು ಅರ್ಥಮಾಡಿಕೊಂಡು ದಾರಿ ಹುಡುಕಿದ್ದರು. ಆದರೆ ಅದು ಇನ್ನೊಂದು ನಿಯಮಕ್ಕೆ ತಾಗುತ್ತಿತ್ತು. ಸಮಾಲೋಚನೆಗೆ ಬಂದವರ ಮನೆಯ ಸಮಾರಂಭಕ್ಕೆ ನಾವು ಹೋಗುವಂತಿಲ್ಲ. ಚಿಕಿತ್ಸಕಿ ಬಂಧುವಾದರೆ ಚಿಕಿತ್ಸೆ ಅಲ್ಲಿಗೆ ಮುಗಿಯಿತು.

"ನಾನು ಬಂದು ಊಟ ಮಾಡಿದರೆ ಮುಂದೆ ನಿಮ್ಮನ್ನು ನೋಡಲಾಗುವುದಿಲ್ಲ. ದಾವಣಗೆರೆಯಲ್ಲಿ ಬೇರೆಯವರ ಬಳಿ ಕಳಿಸಬೇಕಾಗುತ್ತದೆ," ಎಂದೆ ನಾಗವೇಣಿಗೆ. "ಆಯ್ಕೆ ನಿಮ್ಮದು."

"ಯಾವಾಗ್ಲೂ ಆಯ್ಕೆ ನಿಮ್ಮದು, ಆಯ್ಕೆ ನಿಮ್ಮದು ಅಂತೀರಿ. ನಾನು ಆಗ್ಲೇ ಆಯ್ಕೆ ಮಾಡಿ ಕುಂತೀನಿ. ಒಂದ್ಸಲ ನೀವು ಏನಾರ ಆಯ್ಕೆ ಮಾಡ್ರಿ."

ಪ್ರಾಧ್ಯಾಪಕಿ ಸ್ಪಷ್ಟವಾಗಿ ಬೇಡವೆಂದರು. ಅವಳ ಮದುವೆ ನಿನ್ನ ಹೊಣೆಯಲ್ಲ, ಗಡಿ ಒಮ್ಮೆ ದಾಟಿದರೆ ಮತ್ತೆ ಎಳೆಯಲಾಗದು ಎಂದರು. ಮೈಸೂರಿನಲ್ಲಿದ್ದಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆ. ನನ್ನ ಮೌನದಿಂದಲೇ ಹುಟ್ಟಿದ ತೊಡಕು ಇದು ಎಂದಾಗ ಅವರು, "ಹೋಗುವುದಾದರೆ ಹೋಗು. ಆದರೆ ನನ್ನನ್ನು ಕೇಳಿ ಹೋದೆ ಎಂದು ಎಲ್ಲೂ ಹೇಳಬೇಡ," ಎಂದರು. ಆಮೇಲೆ ಅವರಾಗಿ ಫೋನ್ ಮಾಡಿಲ್ಲ.

ನಾಗವೇಣಿಯನ್ನು ಬೇರೆಯವರ ಬಳಿ ಕಳಿಸುವ ಏರ್ಪಾಡು ಮೊದಲು ಮಾಡಿದೆ. ಅವಳೊಂದಿಗಿನ ಕೊನೆಯ ಭೇಟಿಯನ್ನೂ ಮುಗಿಸಿದೆ. ನಿಶ್ಚಿತಾರ್ಥದ ದಿನ ಶಿವಲೀಲಕ್ಕನ ಜೊತೆ ಭಾನುವಳ್ಳಿಯ ಬಸ್ಸು ಹತ್ತಿದೆ. ಹರಿಹರ ದಾಟಿದ ಮೇಲೆ ಕಾಲುವೆ ನೀರಿನ ಗದ್ದೆಗಳು. ಹಸಿರು ನೋಡಿ ಸಂತೋಷಪಡಬೇಕಾಗಿತ್ತು. ದಾರಿಯುದ್ದಕ್ಕೂ, ಇದು ನನ್ನನ್ನು ಒಗ್ಗಿಸಿಕೊಳ್ಳುವ ಊರಿನ ಉಪಾಯವಿರಬಹುದೇ ಎಂದು ಯೋಚಿಸುತ್ತಿದ್ದೆ.

ಶಾಸ್ತ್ರ ಮುಗಿದ ಮೇಲೆ ಮನೆಯ ಮುಂದಿನ ಶಾಮಿಯಾನದಲ್ಲಿ ಊಟ. ಗೌರಮ್ಮ ನನ್ನನ್ನು ಗಂಡಿನ ಕಡೆಯವರ ಸಾಲಿನಲ್ಲಿ, ತಮ್ಮ ಎದುರಿಗೇ ಕೂರಿಸಿದರು. ಹೋಳಿಗೆ, ಕಟ್ಟಿನ ಸಾರು, ಮೆಣಸಿನಕಾಯಿ ಬಜ್ಜಿ. ನಾನು ಹೋಳಿಗೆ ಮುರಿದು ಬಾಯಿಗಿಡುವವರೆಗೆ ಅವರು ತಮ್ಮ ಎಲೆ ಮುಟ್ಟಲಿಲ್ಲ. ಆಮೇಲೆ ತಲೆ ತಗ್ಗಿಸಿ ಉಣ್ಣತೊಡಗಿದರು. ಅಷ್ಟೇ. ಬಾಗಿಲ ಬಳಿ ಹಸಿರು ಸೀರೆಯಲ್ಲಿ ನಿಂತಿದ್ದ ನಾಗವೇಣಿ ಅದನ್ನು ನೋಡಿ ಒಳಗೆ ಹೋದಳು.

ಪಕ್ಕದಲ್ಲಿ ಕೂತಿದ್ದ ಹರಿಹರದ ಹೆಂಗಸೊಬ್ಬರು ನನ್ನ ಕಡೆ ವಾಲಿದರು. "ಮೇಡಂ, ನಮ್ಮ ಓಣಿದೊಂದು ಹುಡುಗಿ ನಿಮ್ಮತ್ರ ಬರ್ತೈತಂತೆ. ನಮ್ಮ ಮೈದುನನಿಗೆ ನೋಡಾಕತ್ತೀವಿ. ಅದು ಹೆಂಗೆ?"

ಒಬ್ಬಳಿಗಾಗಿ ಬಂದು ಉಂಡ ಮೇಲೆ, ಇನ್ನೊಬ್ಬಳ ವಿಷಯದಲ್ಲಿ ಸುಮ್ಮನಿದ್ದರೆ ಆ ಮೌನ ಮೊದಲಿಗಿಂತ ಕೆಟ್ಟದಾಗಿ ಕೇಳಿಸುತ್ತದೆ. ಇದನ್ನು ನಾನು ಬಸ್ಸಿನಲ್ಲೇ ಯೋಚಿಸಬೇಕಿತ್ತು.

"ನನ್ನ ಹತ್ರ ಯಾರ್ ಬರ್ತಾರೆ ಅಂತ ಹೇಳಲ್ಲ ನಾನು," ಎಂದೆ. "ಆದ್ರೆ ಬರೋರೆಲ್ಲ ಚಲೋರೇ ರೀ. ಒಬ್ರೂ ಕೆಟ್ಟೋರಿಲ್ಲ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಎಲ್ಲಾರೂ ಚಲೋರಾದ್ರೆ ನಿಮ್ಮತ್ರ ಯಾಕ ಬರ್ತಾರ್ರೀ?"

ಇದಕ್ಕೆ ನಾನು ಪರೀಕ್ಷೆಯಲ್ಲಿ ಪುಟಗಟ್ಟಲೆ ಉತ್ತರ ಬರೆದವಳು. ಅದರಲ್ಲಿ ಒಂದು ವಾಕ್ಯವೂ ಆ ಎಲೆಯ ಮುಂದೆ ಉಪಯೋಗಕ್ಕೆ ಬರಲಿಲ್ಲ. ಆ ಹೆಂಗಸು ಬಿಡಲಿಲ್ಲ. ಸಾಲಿನ ಆ ತುದಿಯಲ್ಲಿದ್ದ ಶಿವಲೀಲಕ್ಕನಿಗೆ ಕೇಳುವಂತೆ, "ಅಕ್ಕಾರೇ, ಈ ಮೇಡಂ ನಿಮ್ಮ ಮನೆಯಾಗೆ ಅದಾರಂತಲ್ಲ. ಇವ್ರು ಹೆಂಗ್ರೀ?" ಎಂದರು.

ಶಿವಲೀಲಕ್ಕ ಬಾಯಲ್ಲಿದ್ದದ್ದನ್ನು ನುಂಗಿದರು. "ಚಲೋ ಹುಡುಗಿ. ಯಾರನ್ನೂ ನಂಬಲ್ಲ, ಅದೊಂದು ಬಿಟ್ರೆ."

ಸಾಲು ನಕ್ಕಿತು. ನಾನೂ ನಕ್ಕೆ, ಸ್ವಲ್ಪ ತಡವಾಗಿ. ಯಾರ ಮೇಲಿನ ಗುಮಾನಿಗೆ ಬೀಗದ ಮೇಲೆ ನೂಲು ಇಟ್ಟಿದ್ದೆನೋ ಅವರು ನೂರು ಜನರೆದುರು ನನ್ನ ಪರವಾಗಿ ಮಾತಾಡಿದ್ದರು. ಇಲ್ಲಿ ನನ್ನ ಬಗ್ಗೆ ಯಾರಾದರೂ ವಿಚಾರಿಸಿದರೆ ಇನ್ನು ಮುಂದೆ ಹೇಳುವವರೊಬ್ಬರಿದ್ದಾರೆ. ಮೈಸೂರಿನಲ್ಲಿ ವಿಚಾರಿಸಿದರೆ ಪ್ರಾಧ್ಯಾಪಕಿ ಏನೆನ್ನುತ್ತಾರೋ ಗೊತ್ತಿಲ್ಲ. ಬಹುಶಃ ಏನೂ ಅನ್ನುವುದಿಲ್ಲ, ಮತ್ತು ಆ ಊರಿನಲ್ಲಿ ಅದಕ್ಕೆ ಏನರ್ಥವೆಂದು ನನಗೆ ಈಗ ಖಾತ್ರಿಯಿಲ್ಲ.

"ಮೇಡಂ, ಇನ್ನೊಂದು?" ಬಡಿಸುವವರು ಹೋಳಿಗೆಯ ಬುಟ್ಟಿ ಹಿಡಿದು ಬಗ್ಗಿದರು. ಹೊಟ್ಟೆ ತುಂಬಿತ್ತು. ಗೌರಮ್ಮ ಮತ್ತೆ ತಲೆ ಎತ್ತಿದ್ದರು.

"ಹಾಕ್ರಿ," ಎಂದೆ.